ಒಂದು ಅಂಕದ ಪ್ರಶ್ನೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ಶಾಲೆಯಿಂದ ಫೋನ್ ಬಂದಾಗ, ಸಂಪಾದಕ ಮಂಡಳಿಯವರು ನನ್ನಿಂದ ನಿರೀಕ್ಷಿಸಿದ್ದು ಹಳ್ಳಿಯಿಂದ ಹೊರಟು ಸಾಫ್ಟ್‌ವೇರ್ ಕಂಪನಿ ಸೇರಿದ ಕತೆಯನ್ನು. ಆದರೆ ನಮ್ಮ ಶಾಲೆಯಲ್ಲಿ ಓದಿ ಬಿ.ಇ. ಮಾಡಿದವರು ಈಗ ಬೀದಿಗೆ ಇಬ್ಬರಂತೆ ಸಿಗುತ್ತಾರೆ. ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಅದಕ್ಕೆ ಬದಲಾಗಿ, ಇದೇ ಶಾಲೆಯ ಕಿರುಪರೀಕ್ಷೆಯೊಂದರಲ್ಲಿ ನಾನು ಸರಿಯಾಗಿ ಉತ್ತರ ಬರೆದು, ಅದರ ಅರ್ಥ ತಿಳಿಯಲು ಹದಿನೈದು ವರ್ಷ ತೆಗೆದುಕೊಂಡ ಒಂದು ಅಂಕದ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ.

ಪ್ರಶ್ನೆ ಇದು: ನಾಯಿಯ ನೆನಪಿಗಾಗಿ ಹಾಕಿಸಿದ ಶಾಸನ ಯಾವುದು? ಉತ್ತರ: ಆತಕೂರು ಶಾಸನ. ಕರ್ನಾಟಕದಲ್ಲಿ ಹೈಸ್ಕೂಲು ಓದಿದ ಎಲ್ಲರಿಗೂ ಈ ಉತ್ತರ ಗೊತ್ತು. ಕೆಪಿಎಸ್‌ಸಿ ಪರೀಕ್ಷೆಗೆ ಓದುವವರಿಗಂತೂ ಬಾಯಿಪಾಠ. ನನಗೂ ಪೂರ್ತಿ ಅಂಕ ಬಂತು. ಅದೇ ದಿನಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದೆ. ಊರು, ಅಂಚೆ, ಆಮೇಲೆ ‘ಹೋಬಳಿ: ಆತಗೂರು, ತಾಲ್ಲೂಕು: ಮದ್ದೂರು’. ಅಪ್ಪನ ಪಹಣಿಯಲ್ಲಿ, ಜಾತಿ ಪ್ರಮಾಣಪತ್ರದಲ್ಲಿ, ರೇಷನ್ ಕಾರ್ಡಿನಲ್ಲಿ ಎಷ್ಟು ಸಲ ಆ ಹೆಸರನ್ನು ನೋಡಿದ್ದೆನೋ ಲೆಕ್ಕವಿಲ್ಲ. ಆತಕೂರು, ಆತಗೂರು. ಒಂದು ಅಕ್ಷರ ಮೆತ್ತಗಾಗಿದೆ, ಅಷ್ಟೇ. ಪುಸ್ತಕದಲ್ಲಿದ್ದ ಊರು ಎಲ್ಲೋ ರಾಷ್ಟ್ರಕೂಟರ ರಾಜ್ಯದಲ್ಲಿತ್ತು, ಪಹಣಿಯಲ್ಲಿದ್ದ ಊರು ಸೈಕಲ್ಲಿನಲ್ಲಿ ಹೋಗಿಬರುವ ದೂರದಲ್ಲಿತ್ತು. ಎರಡೂ ಒಂದೇ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಇದನ್ನು ಮೊನ್ನೆ ಸಹಪಾಠಿಯೊಬ್ಬನಿಗೆ ಹೇಳಿದಾಗ ಅವನು ನಕ್ಕು, “ಮೇಷ್ಟ್ರು ಅವತ್ತೇ ಹೇಳಿದ್ರು ಕಣೋ, ನೀನು ಕಿಟಕಿ ಆಚೆ ನೋಡ್ತಾ ಕೂತಿದ್ದೆ” ಎಂದ. ಹಾಗೆಯೇ ಇರಬೇಕು.

ನನಗದು ಹೊಳೆದದ್ದು ಒಂದು ಭಾನುವಾರ ಬೆಂಗಳೂರಿನಲ್ಲಿ. ಮಗಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಮಳೆ ಹಿಡಿದುಕೊಂಡಿತು. ಪಕ್ಕದ ಕಸ್ತೂರಬಾ ರಸ್ತೆಯಲ್ಲಿ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವಿದೆ, 1865ರಲ್ಲಿ ಶುರುವಾದದ್ದು. ಮಳೆ ನಿಲ್ಲುವವರೆಗೆ ಇರೋಣವೆಂದು ಒಳಗೆ ಹೋದೆವು. ಕಲ್ಲುಗಳ ಸಾಲಿನಲ್ಲಿ ಒಂದರ ಮುಂದೆ ಮಗಳು ನಿಂತು “ಅಪ್ಪಾ, ನಾಯಿ!” ಎಂದಳು. ಕಲ್ಲಿನ ಮೇಲ್ಭಾಗದಲ್ಲಿ ಒಂದು ನಾಯಿ ಹಂದಿಯ ಮೇಲೆ ಬಿದ್ದಿದೆ, ಉಳಿದದ್ದೆಲ್ಲ ಅಕ್ಷರ. ಫಲಕ ಓದಿದೆ. ನಮ್ಮ ಹೋಬಳಿಯ ಕಲ್ಲು. ನಾನು ಕೂಲಿಗೋ ಕೆಲಸಕ್ಕೋ ಬೆಂಗಳೂರಿಗೆ ಬಂದವನಾದರೆ, ಅದೂ ನನಗಿಂತ ಎಷ್ಟೋ ಮೊದಲೇ ಊರು ಬಿಟ್ಟು ಬಂದು ಇಲ್ಲಿ ನಿಂತಿತ್ತು.

ಕತೆಯನ್ನು ಪೂರ್ತಿ ತಿಳಿದವರು ಕಡಿಮೆ, ಆದ್ದರಿಂದ ಹೇಳುತ್ತೇನೆ. ಕ್ರಿ.ಶ. 949-50ರ ಮಾತು. ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಯುದ್ಧ. ಕೃಷ್ಣನ ಕಡೆ ಗಂಗರ ಬೂತುಗ ಇದ್ದ. ಚೋಳರ ರಾಜಾದಿತ್ಯನನ್ನು ಕೊಂದವನು ಈ ಬೂತುಗನೇ ಎನ್ನುತ್ತದೆ ನಮ್ಮ ಶಾಸನ. ಬೂತುಗನ ಬಂಟ ಮಣಲೆರ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಬೂತುಗ ಮೆಚ್ಚಿ, ಏನು ಬೇಕೋ ಬೇಡು ಎಂದ. ಮಣಲೆರ ಬೇಡಿದ್ದು ಹೊನ್ನನ್ನಲ್ಲ, ಊರನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆಮೇಲೆ ಕೆಳಲೆನಾಡಿನ ಬೆಳತೂರಿನ ಗುಡ್ಡದ ಪಡುವಣಕ್ಕೆ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೆ ಅಲ್ಲಿಯ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ಎಂದೂ ಬರೆಸಿದರು.

ಅದೇ ಶಾಸನದಲ್ಲಿ ಇನ್ನೊಂದು ಸಂಗತಿಯಿದೆ. ಬೂತುಗ ಮಣಲೆರನಿಗೆ ‘ಆತಕೂರು ಹನ್ನೆರಡ’ನ್ನು ಕೊಟ್ಟ. ಹನ್ನೆರಡು ಎಂದರೆ ಹನ್ನೆರಡು ಹಳ್ಳಿಗಳ ಗುಂಪು. ಇಂದು ನಾವು ಹೋಬಳಿ ಎನ್ನುವುದಕ್ಕೆ ಹತ್ತಿರ. ಸಾವಿರ ವರ್ಷಗಳ ಹಿಂದೆ ಸುತ್ತಲ ಹಳ್ಳಿಗಳನ್ನು ಈ ಹೆಸರಿನಿಂದ ಗುರುತಿಸುತ್ತಿದ್ದರು, ಈಗಲೂ ತಾಲ್ಲೂಕು ಕಚೇರಿಯಲ್ಲಿ ಹಾಗೆಯೇ ಗುರುತಿಸುತ್ತಾರೆ. ನಡುವೆ ಗಂಗರು ಹೋದರು, ರಾಷ್ಟ್ರಕೂಟರು ಹೋದರು, ಚೋಳರು ಬಂದು ಹೋದರು, ಹೊಯ್ಸಳರು, ವಿಜಯನಗರದವರು, ಒಡೆಯರು, ಬ್ರಿಟಿಷರು. ಹೋಬಳಿಯ ಹೆಸರು ಮಾತ್ರ ಕೂತಲ್ಲೇ ಕೂತಿದೆ. ನನ್ನ ಉದ್ಯೋಗದಲ್ಲಿ ಹತ್ತು ವರ್ಷ ಹಳೆಯ ಪ್ರೋಗ್ರಾಮಿಗೆ ‘ಪುರಾತನ’ ಎನ್ನುತ್ತೇವೆ.

ರಾಜರ ಮಾತು ಹಾಗಿರಲಿ. ಆ ಮಳೆಯ ಮಧ್ಯಾಹ್ನ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ‘ಖಂಡುಗ’ ಎಂಬ ಒಂದೇ ಪದ. ನಮ್ಮ ತಾತ ಹೊಲವನ್ನು ಎಕರೆಯಲ್ಲಿ ಹೇಳುತ್ತಿರಲಿಲ್ಲ. ಎಷ್ಟು ಬಿತ್ತನೆ ಹಿಡಿಯುತ್ತದೆ ಎಂಬುದರ ಮೇಲೆ ಹೇಳುತ್ತಿದ್ದರು. ‘ಹತ್ತು ಕೊಳಗದ ಹೊಲ’, ‘ಖಂಡುಗದ ಗದ್ದೆ’. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ತಾತ ಓದಿದವರಲ್ಲ. ಶಾಸನದ ಅಕ್ಷರ ತೋರಿಸಿದ್ದರೆ ಒಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಓದಿ ಹೇಳಿದ್ದರೆ, ಕಾಳಿಯ ಪೂಜೆಗೆ ಬಿಟ್ಟ ಭೂಮಿ ಎಷ್ಟೆಂದು ನನಗಿಂತ ಸರಿಯಾಗಿ ಅವರಿಗೆ ತಿಳಿಯುತ್ತಿತ್ತು. ನನಗೆ ಗೂಗಲ್‌ನಲ್ಲಿ ಹುಡುಕಬೇಕಾಯಿತು.

‘ದೊಡ್ಡ ಕೆರೆ’ ಎಂಬುದೂ ಅಷ್ಟೇ. ಮಂಡ್ಯ ಎಂದರೆ ನಾಲೆ, ಕಬ್ಬು, ಭತ್ತ ಎಂದೇ ಎಲ್ಲರ ಲೆಕ್ಕ. ಮದ್ದೂರು ಎಂದರೆ ಹೊರಗಿನವರಿಗೆ ವಡೆ ಮಾತ್ರ, ಆ ವಿಷಯ ಬಿಡಿ. ನಾಲೆ ಬಂದದ್ದು ಕನ್ನಂಬಾಡಿ ಕಟ್ಟೆಯಾದ ಮೇಲೆ, 1930ರ ದಶಕದಲ್ಲಿ. ಈಗ ಅದು ವಿಶ್ವೇಶ್ವರಯ್ಯ ನಾಲೆ, ವಯಸ್ಸಾದವರ ಬಾಯಲ್ಲಿ ಇನ್ನೂ ಇರ್ವಿನ್ ನಾಲೆ. ಅದಕ್ಕೂ ಮೊದಲಿನ ಸಾವಿರ ವರ್ಷ ಈ ಸೀಮೆಯನ್ನು ಸಾಕಿದ್ದು ಕೆರೆಗಳು. ನಾಯಿಯ ಕಲ್ಲು ಅದಕ್ಕೂ ಸಾಕ್ಷಿ.

ಇನ್ನು ಈ ಕಲ್ಲನ್ನೂ ಇಂಥ ಸಾವಿರಾರು ಕಲ್ಲುಗಳನ್ನೂ ಓದಿ ಅಚ್ಚು ಹಾಕಿಸಿದ ಮನುಷ್ಯನ ವಿಷಯ. ಶಾಲೆಯ ಸಂಚಿಕೆಯಲ್ಲಿ ಅದನ್ನು ಹೇಳಲೇಬೇಕು, ಏಕೆಂದರೆ ಅವರು ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಬೆಂಜಮಿನ್ ಲೂಯಿ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದರು. ಶಾಲೆಗಳ ತನಿಖೆಗೆಂದು ಕುದುರೆಯೇರಿ ಹಳ್ಳಿ ಹಳ್ಳಿ ತಿರುಗುವಾಗ ಗುಡಿಯ ಮುಂದೆ, ಕೆರೆಯ ತೂಬಿನ ಬಳಿ, ಹೊಲದ ಬದುವಿನಲ್ಲಿ ಬರಹವಿರುವ ಕಲ್ಲುಗಳು ಕಂಡವು. ತನಿಖೆಗೆ ಬಂದ ಸಾಹೇಬರು ಮಗ್ಗಿ ಕೇಳಿ ಊಟ ಮಾಡಿ ಹೋಗುವುದು ವಾಡಿಕೆ. ಇವರು ಕಲ್ಲು ಕೇಳಿದರು. ಮುಂದೆ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿ, ಪಂಡಿತರ ತಂಡ ಕಟ್ಟಿಕೊಂಡು, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳನ್ನು 1886ರಿಂದ 1904ರೊಳಗೆ ಹೊರತಂದರು. ಸುಮಾರು ಒಂಬತ್ತು ಸಾವಿರ ಶಾಸನಗಳು. ನಮ್ಮ ಸೀಮೆಯದು 1894ರ ಮೂರನೇ ಸಂಪುಟದಲ್ಲಿದೆ. ಆಗ ನಮ್ಮದು ಮೈಸೂರು ಜಿಲ್ಲೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಆ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದೆ. ತಾಲ್ಲೂಕುವಾರು, ಊರುವಾರು, ಕಲ್ಲು ಯಾವ ಗುಡಿಯ ಮುಂದೆ, ಯಾರ ಹೊಲದಲ್ಲಿದೆ ಎಂಬುದರ ಸಮೇತ ಅಲ್ಲಿ ಸಿಗುತ್ತದೆ. ನಮ್ಮ ಶಾಲೆಯ ಗ್ರಂಥಾಲಯಕ್ಕೆ ನಮ್ಮ ತಾಲ್ಲೂಕಿನ ಸಂಪುಟ ಒಂದನ್ನು ಈ ಮಹೋತ್ಸವದ ನೆಪದಲ್ಲಿ ತರಿಸಿದರೆ, ಸ್ಟೀಲಿನ ನೆನಪಿನ ಕಾಣಿಕೆಗಳಿಗಿಂತ ಹೆಚ್ಚು ದಿನ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ನನಗೆ ಕಲ್ಲಿನ ಹುಚ್ಚು ಹಿಡಿಯಿತು ಎನ್ನಬೇಕು. ಬೆಂಗಳೂರಿನಲ್ಲಿ ಆ ಹುಚ್ಚಿನವರು ಬಹಳ ಜನರಿದ್ದಾರೆ. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯನೆಂಬ ವೀರನ ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಮೇಲ್ಸೇತುವೆಯ ಮೇಲೆ ದಿನವೂ ಲಕ್ಷಾಂತರ ಜನ ಹಾರ್ನ್ ಹೊಡೆಯುತ್ತ ನಿಲ್ಲುವ ಜಾಗ ಆಗಲೇ ‘ಪೆರ್ಬೊಳಲ್’ ಎಂಬ ಹೆಸರಿನ ಊರಾಗಿತ್ತು ಎಂದು ಅದರಿಂದ ತಿಳಿಯಿತು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನೆಲ್ಲ ತ್ರೀಡಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಕಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರವೂ ಸ್ಕ್ಯಾನಿನಲ್ಲಿ ಎದ್ದು ಬರುತ್ತದೆ. ಅಂಥ ಕಲ್ಲುಗಳನ್ನು ನೋಡನೋಡುತ್ತ ನಾನೂ ವೀರಗಲ್ಲು ಓದಲು ಕಲಿತೆ. ಅಕ್ಷರವಿಲ್ಲದಿದ್ದರೂ ವೀರಗಲ್ಲನ್ನು ಓದಬಹುದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ತುದಿಯಲ್ಲಿ ಸೂರ್ಯಚಂದ್ರರು. ಕಾಳಗದ ಪಟ್ಟಿಯಲ್ಲಿ ದನಗಳ ಸಾಲು ಇದ್ದರೆ ಅದು ತುರುಗೋಳ್: ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುತ್ತ ಸತ್ತವನ ಕಲ್ಲು.

ಇಷ್ಟು ಕಲಿತ ದಿನ ರಾತ್ರಿ ಮಲಗಿದವನಿಗೆ ನಮ್ಮೂರ ಕೆರೆ ಏರಿ ನೆನಪಾಯಿತು. ಈ ಸಂಚಿಕೆ ಓದುವವರಲ್ಲಿ ಅರ್ಧಕ್ಕರ್ಧ ಜನ ಆ ಏರಿಯ ಮೇಲೆ ನಡೆದೇ ಶಾಲೆಗೆ ಬಂದವರು. ಹುಣಸೆ ಮರದ ಬುಡದಲ್ಲಿ ಸೊಂಟದೆತ್ತರದ ಕಲ್ಲೊಂದು ಓರೆಯಾಗಿ ಹೂತಿತ್ತು, ಜ್ಞಾಪಿಸಿಕೊಳ್ಳಿ. ನಮ್ಮ ಬ್ಯಾಗುಗಳನ್ನು ಅದರ ತಲೆಗೆ ನೇತುಹಾಕುತ್ತಿದ್ದೆವು. ಭಾನುವಾರ ಅದು ವಿಕೆಟ್ಟು. ಬುಡದಲ್ಲಿ ಐದು ಪ್ರಾಣಿಗಳ ಉಬ್ಬುಚಿತ್ರವಿತ್ತು. ನಾವು ಅವನ್ನು ಕುರಿಗಳೆಂದು ತೀರ್ಮಾನಿಸಿ ಎಣಿಸಿದ್ದೆವು.

ನಮ್ಮಜ್ಜಿ ಮನೆಯಲ್ಲಿ ಹಸು ಕರು ಹಾಕಿದರೆ ಗಿಣ್ಣುಹಾಲನ್ನು ಮೊದಲು ಒಂದು ಚೊಂಬಿನಲ್ಲಿ ತೆಗೆದುಕೊಂಡು ಹೋಗಿ ಆ ಕಲ್ಲಿಗೆ ಹೊಯ್ದು ಬರುತ್ತಿದ್ದರು. ಆಮೇಲೆಯೇ ನಮಗೆ ಗಿಣ್ಣು. ಗಿಣ್ಣಿನ ಆಸೆಗೆ ಕಾದು ಕಾದು ಸಿಟ್ಟು ಬಂದು ಒಮ್ಮೆ “ಆ ಕಲ್ಲಿಗ್ಯಾಕಜ್ಜಿ?” ಎಂದು ಕೇಳಿದ್ದೆ. “ಅದು ದನ ಕಾದೋನ್ ಕಲ್ಲು ಕಣ್ಮಗ” ಎಂದಿದ್ದರು. ದನ ಕಾಯುವ ಹುಡುಗರು ಕೂರುವ ಕಲ್ಲು ಎಂದು ನಾನು ಅರ್ಥ ಮಾಡಿಕೊಂಡೆ. ಅವರು ‘ಕಾಯುವ’ ಎನ್ನಲಿಲ್ಲ, ‘ಕಾದ’ ಎಂದರು ಎನ್ನುವುದು ಮೂವತ್ತು ದಾಟಿದ ಮೇಲೆ, ಬೆಂಗಳೂರಿನ ಫ್ಲ್ಯಾಟಿನಲ್ಲಿ, ರಾತ್ರಿ ಒಂದು ಗಂಟೆಯ ಹೊತ್ತಿನಲ್ಲಿ ತಿಳಿಯಿತು. ಅಜ್ಜಿ ಅಷ್ಟರಲ್ಲಿ ಇರಲಿಲ್ಲ.

ಆತಕೂರಿನ ಕಲ್ಲಿಗೆ ಪೂಜೆ ತಪ್ಪಬಾರದೆಂದು ರಾಜರ ಬಂಟರು ಭೂಮಿ ಬಿಟ್ಟು, ಪಾಪದ ಭಯ ಹಾಕಿ, ಅಕ್ಷರದಲ್ಲಿ ಕೊರೆಸಿದರು. ಪೂಜೆ ನಿಂತುಹೋಗಿದೆ, ಅಕ್ಷರ ಮ್ಯೂಸಿಯಮ್ಮಿನಲ್ಲಿದೆ. ನಮ್ಮೂರ ಕಲ್ಲಿಗೆ ಯಾರೂ ಒಂದು ಕೊಳಗ ಭೂಮಿಯನ್ನೂ ಬಿಟ್ಟಿರಲಿಲ್ಲ. ಹೆಂಗಸರು ಹಾಲು ಹೊಯ್ಯುತ್ತಲೇ ಬಂದರು.

ಇಂಥ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಊಟದ ತಟ್ಟೆಯಲ್ಲಿ ಮುದ್ದೆ ಬಿಟ್ಟರೆ ಅಜ್ಜಿ ಬೈಯುತ್ತಿದ್ದುದು ಹೀಗೆ: “ಧಾತು ಬರ್ದಲ್ಲಿ ಹುಟ್ಬೇಕಿತ್ತು ನೀನು.” ಧಾತು ಬರವೆಂದರೆ ಯಾವುದೋ ರೋಗವೆಂದು ಬಹಳ ದಿನ ಅಂದುಕೊಂಡಿದ್ದೆ. ಅದು ಧಾತು ಸಂವತ್ಸರದ ಬರ. 1876ರಲ್ಲಿ ಶುರುವಾಗಿ ಮುಂದಿನ ಈಶ್ವರ ಸಂವತ್ಸರವನ್ನೂ ನುಂಗಿ 1878ರವರೆಗೆ ನಡೆಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷ ದಾಟಿತ್ತು. 1881ರಲ್ಲಿ ನಲವತ್ತೆರಡು ಲಕ್ಷವೂ ಇರಲಿಲ್ಲ. ಹತ್ತು ವರ್ಷದಲ್ಲಿ ಹುಟ್ಟಬೇಕಾದವರೂ ಹುಟ್ಟಲಿಲ್ಲ, ಇದ್ದವರೂ ಉಳಿಯಲಿಲ್ಲ. ಹಸಿದವರಿಗೆ ಕೂಲಿ ಕೊಡಬೇಕೆಂದು ಸರ್ಕಾರ ತೆಗೆದ ಕಾಮಗಾರಿಗಳಲ್ಲಿ ಒಂದು ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಏರಿ. 1881–82ರಲ್ಲಿ ಅದರ ಮೇಲೆ ರೈಲು ಓಡಿತು. ಪಿಯುಸಿಗೆ ಮದ್ದೂರಿಗೆ ಹೋಗುತ್ತಿದ್ದ ಎರಡು ವರ್ಷ ನಾನು ಗೇಟು ಹಾಕಿದಾಗಲೆಲ್ಲ ಆ ಏರಿಯ ಪಕ್ಕ ನಿಂತು ರೈಲು ಎಣಿಸಿದವನು. ಹೊಟ್ಟೆಗಿಲ್ಲದವರು ಮಕ್ಕರಿಯಲ್ಲಿ ಹೊತ್ತು ಹಾಕಿದ ಮಣ್ಣು ಅದು ಎಂದು ಗೊತ್ತಿರಲಿಲ್ಲ. ಹತ್ತನೇ ಶತಮಾನದ ಒಂದು ನಾಯಿಯ ಹೆಸರು ನಮಗೆ ಗೊತ್ತು. ತಾತನ ತಾತನ ಕಾಲದಲ್ಲಿ ಆ ಮಣ್ಣು ಹೊತ್ತ ಒಬ್ಬರ ಹೆಸರೂ ಅಲ್ಲಿ ಯಾವ ಕಲ್ಲಿನಲ್ಲೂ ಇಲ್ಲ. ಇದನ್ನು ಯೋಚಿಸಿದರೆ ಇಂದಿಗೂ ನನಗೆ ಒಂದು ಥರ ಸಂಕಟವಾಗುತ್ತದೆ. ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೆದ್ದಾರಿಯ ಪಕ್ಕದಲ್ಲೇ ಸೌಧವಿದೆ, 1938 ಎಂದರೆ ನಮ್ಮ ತಾಲ್ಲೂಕಿನ ಮಕ್ಕಳೂ ಹೇಳುತ್ತಾರೆ. ಅದು ಸರಿಯೇ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲೇ ಇರುವ ರೈಲಿನ ಏರಿಗೆ ಒಂದು ಫಲಕವೂ ಇಲ್ಲ.

ಮತ್ತೆ ನಮ್ಮ ಕೆರೆ ಏರಿಗೆ ಬರುತ್ತೇನೆ. ಆ ರಾತ್ರಿಯೇ ತೀರ್ಮಾನ ಮಾಡಿದೆ, ಊರಿಗೆ ಹೋದಾಗ ಕಲ್ಲನ್ನು ಸ್ವಚ್ಛಮಾಡಿ, ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಫೋಟೋ ತೆಗೆದು, ಆದರೆ ಫೋನಿನಲ್ಲೇ ತ್ರೀಡಿ ಮಾಡಿಡಬೇಕೆಂದು. ಓರೆ ಬಿಸಿಲಿನಲ್ಲಿ ಸವೆದ ಗೆರೆಗಳೂ ನೆರಳು ಬೀಳಿಸಿ ಕಾಣಿಸಿಕೊಳ್ಳುತ್ತವೆ. ಆ ವಾರ ಪ್ರಾಜೆಕ್ಟಿನ ಗಡುವು ಇತ್ತು. ಆಮೇಲೆ ಮಗಳ ಪರೀಕ್ಷೆ. ಗೌರಿ ಹಬ್ಬಕ್ಕೆ ಹೋಗೋಣ ಎಂದುಕೊಂಡೆ, ಆಗಲಿಲ್ಲ, ಸಂಕ್ರಾಂತಿಗೆ ಹೋದೆ. ಕಾರು ಏರಿಯ ಮೇಲೆ ಸರಾಗವಾಗಿ ಹೋಯಿತು. ಮೊದಲು ಹೋಗುತ್ತಿರಲಿಲ್ಲ. ಏರಿಯನ್ನು ಅಗಲ ಮಾಡಿ, ಮಣ್ಣು ಹೇರಿ, ರೋಲರ್ ಓಡಿಸಿದ್ದರು. ಹುಣಸೆ ಮರವೂ ಇರಲಿಲ್ಲ, ಕಲ್ಲೂ ಇರಲಿಲ್ಲ.

ಕೆಲಸ ಒಳ್ಳೆಯದೇ. ಏರಿ ಬಿರುಕು ಬಿಟ್ಟಿತ್ತು, ರೈತರು ಕೇಳಿಕೊಂಡೇ ಆದದ್ದು. ಜೆಸಿಬಿ ಓಡಿಸಿದ ಹುಡುಗನನ್ನು ಹುಡುಕಿ ಮಾತನಾಡಿಸಿದೆ. ಅಂಥ ಕಲ್ಲು ನೋಡಿದ ನೆನಪು ಅವನಿಗಿಲ್ಲ, ಇರಬೇಕೆಂದು ನಾನು ನಿರೀಕ್ಷಿಸುವುದೂ ತಪ್ಪು. ಹೇಳಬೇಕಾಗಿದ್ದವನು ನಾನು. ಒಂದು ಫೋನ್ ಮಾಡಿ, ಆ ಕಲ್ಲನ್ನು ಪಕ್ಕಕ್ಕಿಡಿ ಎಂದಿದ್ದರೆ ಊರಿನವರು ಖಂಡಿತ ಇಡುತ್ತಿದ್ದರು. ಮೂರು ಭಾನುವಾರ ಊರಿಗೆ ಬಂದು ಏರಿಯ ಇಳಿಜಾರಿಗೆ ಜೋಡಿಸಿದ ಕಲ್ಲುಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಈಗಿನ ಶಾಲೆಯ ಹತ್ತನೇ ತರಗತಿಯ ಹುಡುಗರು ಜೊತೆಗೆ ಬಂದರು. ಕಲ್ಲು ಸಿಗಲಿಲ್ಲ. ಹುಡುಕುವಾಗ ತೂಬಿನ ಹಿಂದೆ ಮುಳ್ಳಿನಲ್ಲಿ ಇನ್ನೊಂದು ಕಲ್ಲು ಸಿಕ್ಕಿತು, ಒಬ್ಬ ಹೆಂಗಸಿನ ಎತ್ತಿದ ತೋಳು ಕೆತ್ತಿರುವ ಮಾಸ್ತಿಕಲ್ಲು. ಅದನ್ನು ಯಾರೂ ಕದಲಿಸಿಲ್ಲ. ಬಣ್ಣ ಬಳಿಯಬೇಡಿ, ಸಿಮೆಂಟಿನಲ್ಲಿ ಕೂರಿಸಬೇಡಿ ಎಂದು ಹುಡುಗರಿಗೆ ಹೇಳಿ, ಅದರ ಸ್ಕ್ಯಾನ್ ಮಾಡಿಕೊಂಡೆ. ಈ ಸಲ ಅಂದೇ ಮಾಡಿದೆ.

ದನ ಕಾದವನ ಕಲ್ಲಿಗೆ ಉಳಿದಿರುವ ಸಾಕ್ಷಿ ಒಂದೇ. 2004ರಲ್ಲಿ ಎಸ್‌ಎಸ್‌ಎಲ್‌ಸಿ ಬೀಳ್ಕೊಡುಗೆಯ ದಿನ ನಾವು ಏಳು ಜನ ಹುಣಸೆ ಮರದ ಕೆಳಗೆ ನಿಂತು, ಮದ್ದೂರಿನಿಂದ ಬಾಡಿಗೆಗೆ ತಂದ ಕ್ಯಾಮೆರಾದಲ್ಲಿ ತೆಗೆಸಿಕೊಂಡ ಫೋಟೋ. ಅದನ್ನು ಈ ಸಂಚಿಕೆಯ ಚಿತ್ರಪುಟಗಳಿಗೆ ಕೊಟ್ಟಿದ್ದೇನೆ. ನೋಡುವವರು ಮುಖಗಳನ್ನು ನೋಡದೆ ಬಲಗಡೆಯ ಕೆಳಮೂಲೆಯನ್ನು ನೋಡಬೇಕು. ದೊಡ್ಡದು ಮಾಡಿದರೆ ಕೆಳಗಿನ ಪಟ್ಟಿಯ ಮೂರು ಪ್ರಾಣಿಗಳು ಕಾಣುತ್ತವೆ. ಹಿಣಿಲು ಸ್ಪಷ್ಟವಾಗಿದೆ. ಕುರಿಗಳಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನವರಲ್ಲಿ ಒಂದು ಕೋರಿಕೆ. ಏರಿಯ ಮೇಲೆ, ಹುಣಸೆ ಮರದ ಬಳಿ ತೆಗೆಸಿದ ಫೋಟೋ ಯಾರ ಆಲ್ಬಮ್ಮಿನಲ್ಲಾದರೂ ಇದ್ದರೆ, ಮದುವೆಯದಾಗಲಿ, ಕೆರೆ ಕೋಡಿ ಬಿದ್ದಾಗಿನದಾಗಲಿ, ಮಹೋತ್ಸವದ ದಿನ ತನ್ನಿ. ಸ್ಥಳದಲ್ಲೇ ಸ್ಕ್ಯಾನ್ ಮಾಡಿಕೊಂಡು ಹಿಂದಿರುಗಿಸುತ್ತೇನೆ. ಕಲ್ಲಿನ ಮೇಲಿನ ಎರಡು ಪಟ್ಟಿಗಳು ಎಲ್ಲಾದರೂ ಬಿದ್ದಿರಬಹುದು. ಕೆಳಪಟ್ಟಿಯ ಉಳಿದ ಎರಡು ದನಗಳು ನನ್ನ ಫೋಟೋದಲ್ಲಿ ಸಿಗುತ್ತಿದ್ದವು. ಅವುಗಳ ಮೇಲೆ ಹವಾಯಿ ಚಪ್ಪಲಿ ಹಾಕಿದ ಒಂದು ಕಾಲಿದೆ. ಕಾಲು ನನ್ನದೇ.